ಹುಣ್ಣು ಬಾಯಲ್ಲಿ, ಆಪರೇಷನ್ ಕುತ್ತಿಗೆಗೆ ಯಾಕೆ?

"ಹುಣ್ಣಿರೋದು ಬಾಯಲ್ಲಿ. ಕುತ್ತಿಗೆ ಯಾಕ ಕೊಯ್ತಾರ?" ಮುಂಬೈಯ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಹೊರಗೆ ಸ್ವಲ್ಪ ಹೊತ್ತು ನಿಂತರೆ ಕನ್ನಡದಲ್ಲೇ ಈ ಮಾತು ಕಿವಿಗೆ ಬೀಳುತ್ತದೆ. 1941ರಲ್ಲಿ ಶುರುವಾದ ಈ ಕ್ಯಾನ್ಸರ್ ಆಸ್ಪತ್ರೆಗೆ ಕಲಬುರಗಿ, ವಿಜಯಪುರ, ಬೀದರ್, ಬೆಳಗಾವಿ ಕಡೆಯಿಂದ ಬರುವವರು ಬಹಳ. ಅವರ ಜೊತೆ ಓಡಾಡುವವರು ಡೊಂಬಿವಲಿಯಲ್ಲೋ ಥಾಣೆಯಲ್ಲೋ ನೆಲೆಸಿರುವ ಅಳಿಯ, ಇಲ್ಲವೇ ಅಣ್ಣನ ಮಗ. ಹಿಂದಿ, ಮರಾಠಿ ಬರುತ್ತದೆ ಅಂತ ಇವರನ್ನೇ ಮುಂದೆ ಮಾಡುತ್ತಾರೆ. ಆದರೆ ಒಳಗೆ ಡಾಕ್ಟರು "ಬಕ್ಕಲ್ ಮ್ಯೂಕೋಸಾ", "ಲೆವೆಲ್ ಟು ನೋಡ್", "ನೆಕ್ ಡಿಸೆಕ್ಷನ್" ಅನ್ನುತ್ತಾರೆ. ಇದಕ್ಕೆ ಹಿಂದಿ, ಮರಾಠಿ ಬಂದರೆ ಸಾಲದು, ತಲೆ ಮತ್ತು ಕುತ್ತಿಗೆಯ ಒಳಗೆ ಏನೇನು ಎಲ್ಲೆಲ್ಲಿದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು.

ಗೊತ್ತಿದ್ದರೆ ಆ ಪ್ರಶ್ನೆಗೆ ಉತ್ತರವೂ ಸಿಗುತ್ತದೆ. ಕೈಬೆರಳು ಖಾಲಿ ಇಟ್ಟುಕೊಂಡು ಓದಿ. ಇಲ್ಲಿ ಹೇಳುವ ಅರ್ಧದಷ್ಟನ್ನು ನಿಮ್ಮ ಮುಖ, ಕತ್ತು ಮುಟ್ಟಿಯೇ ನೋಡಬಹುದು.

ಬುರುಡೆ: 22 ಮೂಳೆ, ಆಡುವುದು ಒಂದೇ

ತಲೆಬುರುಡೆ ಒಂದೇ ಮೂಳೆ ಅಲ್ಲ. ಮಿದುಳನ್ನು ಸುತ್ತುವರಿದ ಮೂಳೆಗಳು 8, ಮುಖದ ಮೂಳೆಗಳು 14, ಒಟ್ಟು 22. ಕಿವಿಯೊಳಗೆ ಶಬ್ದ ಸಾಗಿಸುವ ಪುಟ್ಟ ಮೂಳೆಗಳು ಒಂದೊಂದು ಕಡೆ ಮೂರು. ಅವು ಈ ಲೆಕ್ಕದಲ್ಲಿ ಬರುವುದಿಲ್ಲ. ಹುಟ್ಟಿದ ಮಗುವಿನಲ್ಲಿ ಬುರುಡೆಯ ಮೂಳೆಗಳು ಇನ್ನೂ ಕೂಡಿರುವುದಿಲ್ಲ. ನೆತ್ತಿ ಮೆತ್ತಗಿದ್ದು ಮಿಡಿಯುವುದು ಅದಕ್ಕೇ. ಸುಮಾರು ಒಂದೂವರೆ ವರ್ಷದೊಳಗೆ ಅದು ಮುಚ್ಚುತ್ತದೆ.

ಒಳಗೆ ಸುಮಾರು 1.3ರಿಂದ 1.4 ಕೆ.ಜಿ. ತೂಗುವ ಮಿದುಳು. ಅದು ಮೂಳೆಗೆ ಒರಗಿ ಕೂತಿಲ್ಲ, ತೆಳುವಾದ ನೀರಿನಂಥ ದ್ರವದಲ್ಲಿ ತೇಲುತ್ತದೆ. ಮೈತೂಕದಲ್ಲಿ ಮಿದುಳಿನ ಪಾಲು ಶೇಕಡಾ 2ರಷ್ಟು. ಆದರೆ ಆಮ್ಲಜನಕದಲ್ಲಿ ಶೇಕಡಾ 20ರಷ್ಟು ಇದಕ್ಕೇ ಬೇಕು. ಅಷ್ಟನ್ನು ಹೊತ್ತ ರಕ್ತವೆಲ್ಲ ಕುತ್ತಿಗೆ ದಾಟಿಯೇ ಮೇಲೆ ಹೋಗಬೇಕು ಅನ್ನುವುದನ್ನು ಮನಸ್ಸಿನಲ್ಲಿಡಿ.

ಕಣ್ಣಿಗೂ ಕಿವಿಗೂ ನಡುವಿನ ಕಣತಲೆಯಲ್ಲಿ ಬುರುಡೆ ತೆಳ್ಳಗಿದೆ. ಅದರ ಒಳಮೈಗೆ ಅಂಟಿಕೊಂಡೇ ಒಂದು ರಕ್ತನಾಳ ಹೋಗುತ್ತದೆ. ಅಲ್ಲಿ ಪೆಟ್ಟು ಬಿದ್ದು ಮೂಳೆ ಬಿರುಕು ಬಿಟ್ಟರೆ ಆ ನಾಳ ಹರಿದು ಒಳಗೇ ರಕ್ತ ತುಂಬಬಹುದು. ಬೈಕಿನಿಂದ ಬಿದ್ದವನು ಎದ್ದು, ಚೆನ್ನಾಗಿಯೇ ಮಾತಾಡಿ, ಕೆಲವು ಗಂಟೆಯ ಮೇಲೆ ಎಚ್ಚರ ತಪ್ಪುವುದುಂಟು. ಹೆಲ್ಮೆಟ್ಟು ಕಣತಲೆಯನ್ನೂ ಮುಚ್ಚುವಂತಿರಬೇಕು ಅನ್ನುವುದು ಸುಮ್ನೆ ಅಲ್ಲ.

ಈ 22ರಲ್ಲಿ ಚೆನ್ನಾಗಿ ಆಡುವ ಮೂಳೆ ಕೆಳದವಡೆ ಒಂದೇ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಜರುಗುವುದು ಗೊತ್ತಾಗುತ್ತದೆ, ಅಲ್ವಾ? ಅದೇ ದವಡೆಯ ಕೀಲು. ಈಗ ಹಲ್ಲು ಕಚ್ಚಿ ಹಿಡಿದು ಕೆನ್ನೆಯ ಹಿಂಭಾಗ ಮುಟ್ಟಿ. ಗಟ್ಟಿಯಾಗಿ ಉಬ್ಬುವುದು ಅಗಿಯುವ ಸ್ನಾಯು. ಇದರ ಜೊತೆಯವು ಇನ್ನೂ ಕೆಲವು ದವಡೆಯ ಒಳಮಗ್ಗುಲಲ್ಲಿವೆ, ಅವು ಕೈಗೆ ಸಿಗುವುದಿಲ್ಲ. ಬಾಯಿಯ ಹುಣ್ಣಿನ ಕತೆಯಲ್ಲಿ ಈ ಕೈಗೆ ಸಿಗದ ಸ್ನಾಯುಗಳೇ ಮುಖ್ಯ.

ಬಾಯಿ: ಗುಟ್ಕಾ ಕೂರುವ ಜಾಗ

ನಾಲಗೆಯನ್ನು ಕೆಳಗಿನ ಹಲ್ಲಿನ ಹೊರಮಗ್ಗುಲಿಗೆ ತಳ್ಳಿ. ಕೆನ್ನೆಗೂ ವಸಡಿಗೂ ನಡುವೆ ಒಂದು ಸಂದು ಸಿಗುತ್ತದೆ. ತಂಬಾಕು, ಗುಟ್ಕಾ, ಮಾವಾ ಹಾಕುವವರು ಗಂಟೆಗಟ್ಟಲೆ ಇಟ್ಟುಕೊಳ್ಳುವುದು ಇಲ್ಲೇ. ನಮ್ಮ ದೇಶದ ಬಾಯಿ ಕ್ಯಾನ್ಸರುಗಳಲ್ಲಿ ದೊಡ್ಡ ಪಾಲು ಈ ಸಂದಿನಲ್ಲಿ, ಕೆನ್ನೆಯ ಒಳಪದರದಲ್ಲಿ, ವಸಡಿನಲ್ಲಿ ಕಾಣುತ್ತದೆ. ಯುರೋಪ್, ಅಮೆರಿಕದಲ್ಲಿ ನಾಲಗೆ ಮತ್ತು ನಾಲಗೆಯ ಕೆಳಗಿನ ಭಾಗದಲ್ಲಿ ಜಾಸ್ತಿ. ಇಟ್ಟ ಜಾಗದಲ್ಲೇ ರೋಗ, ಅಷ್ಟೇ. ರಿಪೋರ್ಟಿನಲ್ಲಿ ಬರುವ "ಬಕ್ಕಲ್ ಮ್ಯೂಕೋಸಾ" ಅಂದರೆ ಕೆನ್ನೆಯ ಒಳಪದರ. "ಅಲ್ವಿಯೋಲಸ್" ಅಂದರೆ ಹಲ್ಲು ಕೂತಿರುವ ದವಡೆಯ ಅಂಚು. "ಆರ್‌ಎಂಟಿ" ಅಂದರೆ ಕೆಳದವಡೆಯ ಕೊನೆಯ ಹಲ್ಲಿನ ಹಿಂದೆ ಇರುವ ಮುಮ್ಮೂಲೆಯ ಜಾಗ.

ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ಮಾರಾಟಕ್ಕೆ ನಿಷೇಧವಿದೆ. ರಸ್ತೆ ಬದಿಯ ಕೆಂಪು ಕಲೆಗಳನ್ನು ನೋಡಿದರೆ ಹಾಗನ್ನಿಸುವುದಿಲ್ಲ, ಆ ಮಾತು ಬೇರೆ. ತಂಬಾಕಿಲ್ಲದ ಬರೀ ಅಡಿಕೆಗೆ ತೊಂದರೆಯಿಲ್ಲ ಅಂತ ಮಲೆನಾಡಿನ ನಂಟಿರುವ ನಮ್ಮಲ್ಲಿ ಅನೇಕರು ನಂಬಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೇ ಇಟ್ಟಿದೆ.

ಅಡಿಕೆ ಇನ್ನೊಂದು ಕೆಲಸ ಮಾಡುತ್ತದೆ. ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆಸುತ್ತದೆ. ಪದರ ಬೆಳ್ಳಗಾಗಿ, ಬಿಗಿದು, ಬಾಯಿ ದಿನೇ ದಿನೇ ಕಿರಿದಾಗುತ್ತದೆ. ಖಾರ ಮುಟ್ಟಿದರೆ ಉರಿ. ದೊಡ್ಡವರು ಬಾಯಿ ತೆರೆದರೆ ಸಾಮಾನ್ಯವಾಗಿ ಅವರವರ ಮೂರು ಬೆರಳು ಒಂದರ ಮೇಲೊಂದು ಹಿಡಿಯಬೇಕು. ಎರಡೇ ಹಿಡಿದರೆ ಹಲ್ಲಿನ ಡಾಕ್ಟರಿಗಾದರೂ ತೋರಿಸಬೇಕು. ಬಾಯಿ ತೆರೆಯಲಾಗದಿರುವುದಕ್ಕೆ ಎರಡನೆಯ ಕಾರಣವೂ ಇದೆ. ಕೊನೆಯ ಹಲ್ಲಿನ ಹಿಂದಿನ ಮೂಲೆಗೆ ತೀರಾ ಹತ್ತಿರದಲ್ಲೇ ಆ ಒಳಗಿನ ಅಗಿಯುವ ಸ್ನಾಯುಗಳಿವೆ. ಕ್ಯಾನ್ಸರ್ ಅವುಗಳೊಳಗೆ ನುಗ್ಗಿದರೆ ದವಡೆ ಬಿಗಿದುಕೊಳ್ಳುತ್ತದೆ. ಹೀಗಾಗಿ "ಬಾಯಿ ಎಷ್ಟು ತೆರೆಯುತ್ತೆ?" ಅಂತ ಡಾಕ್ಟರು ಅಳೆದು ನೋಡುವುದು ರೋಗ ಎಷ್ಟು ಆಳಕ್ಕಿಳಿದಿದೆ ಅನ್ನುವುದರ ಒಂದು ಸುಳಿವು ಹುಡುಕುವುದೇ.

ನರಗಳೂ ಸುಳಿವು ಕೊಡುತ್ತವೆ. ಕೆಳದವಡೆಯ ಮೂಳೆಯೊಳಗೆ ಉದ್ದಕ್ಕೆ ಒಂದು ಕೊಳವೆಯಂಥ ದಾರಿ ಇದೆ. ಅದರಲ್ಲಿ ಸಾಗುವ ನರ ಹಲ್ಲುಗಳಿಗೆ ಕವಲು ಕೊಟ್ಟು ಗದ್ದದ ಹತ್ತಿರ ಹೊರಬಂದು ಕೆಳತುಟಿಗೆ ಹೋಗುತ್ತದೆ. ಕೆಳಗಿನ ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ತುಟಿ ಜೋಮು ಹಿಡಿಯುವುದು ಈ ನರದಿಂದ. ಇಂಜೆಕ್ಷನ್ ಇಲ್ಲದೆ, ಬಾಯಲ್ಲಿ ಹುಣ್ಣಿದ್ದು, ತುಟಿ ತಾನಾಗಿ ಜೋಮು ಹಿಡಿದರೆ ರೋಗ ಮೂಳೆಯೊಳಗೆ ಹೋಗಿರಬಹುದು.

ಇನ್ನು ಕಿವಿನೋವು. ನಾಲಗೆ ಹುಣ್ಣಿನವರು ಕಿವಿ ನೋಯುತ್ತದೆ ಅಂತ ಹೇಳಿದರೆ ಮನೆಯವರು ಕಿವಿಗೆ ಡ್ರಾಪ್ಸ್ ಹಾಕುತ್ತಾರೆ. ಕಿವಿ ಸರಿಯಾಗಿಯೇ ಇರುತ್ತದೆ. ನಾಲಗೆಯ ಮುಂಭಾಗಕ್ಕೂ ಕಿವಿಯ ಮುಂದಿನ ಚರ್ಮಕ್ಕೂ ಹೋಗುವುದು ಒಂದೇ ನರದ ಎರಡು ಕವಲು. ಗಂಟಲಿಗೂ ನಡುಗಿವಿಗೂ ಹಾಗೆಯೇ ಇನ್ನೊಂದು ನರ. ನೋವು ಯಾವ ಕವಲಿನಿಂದ ಬಂತು ಅನ್ನುವುದರಲ್ಲಿ ಮಿದುಳು ತಪ್ಪುತ್ತದೆ. ಕಿವಿಯಲ್ಲಿ ಏನೂ ಇಲ್ಲದೆ ನೋವು ಹೋಗದಿದ್ದರೆ ಡಾಕ್ಟರು ಬಾಯಿ, ಗಂಟಲು ನೋಡಲೇಬೇಕು.

ಜೊಲ್ಲಿನ ಗ್ರಂಥಿಗಳು ದೊಡ್ಡವು ಮೂರು ಜೊತೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಕೆಳಗೆ. ಮಂಗನಬಾವಿನಲ್ಲಿ ಊದಿಕೊಳ್ಳುವುದು ಕಿವಿಯ ಮುಂದಿನದು. ಮುಖ ಆಡಿಸುವ ನರ ಈ ಗ್ರಂಥಿಯೊಳಗೇ ತೂರಿ ಕವಲೊಡೆಯುತ್ತದೆ. ಇಲ್ಲಿ ಗಡ್ಡೆಯ ಆಪರೇಷನ್ ಅಂದರೆ ಸರ್ಜನ್ನರ ಅರ್ಧ ಗಮನ ಆ ನರ ಉಳಿಸುವುದರಲ್ಲೇ ಇರುತ್ತದೆ. ಅದಕ್ಕೆ ಪೆಟ್ಟಾದರೆ ಕಣ್ಣು ಮುಚ್ಚಲಾಗದು, ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ.

ಮೂಗಿನ ಹಿಂದೆ

ಮುಖದ ಮೂಳೆಗಳಲ್ಲಿ ಗಾಳಿ ತುಂಬಿದ ನಾಲ್ಕು ಜೊತೆ ಗೂಡುಗಳಿವೆ. ಸೈನಸ್ ಅನ್ನುವುದು ಇವಕ್ಕೇ. ಹಣೆಯಲ್ಲಿ, ಕಣ್ಣುಗಳ ನಡುವೆ, ಮೂಗಿನ ಬಹಳ ಹಿಂದೆ, ಕೆನ್ನೆಯೊಳಗೆ. ಕೆನ್ನೆಯ ಸೈನಸ್ಸಿನ ತಳಕ್ಕೆ ಮೇಲಿನ ದವಡೆ ಹಲ್ಲುಗಳ ಬೇರು ತಾಗಿಕೊಂಡಂತಿರುತ್ತದೆ. ನೆಗಡಿ ಹೆಚ್ಚಾದಾಗ ಮೇಲಿನ ಹಲ್ಲು ನೋಯುವುದು ಅದಕ್ಕೆ.

ಮೂಗಿನ ಹಿಂಬದಿಯಿಂದ ನಡುಗಿವಿಗೆ ಒಂದು ಸಣ್ಣ ನಾಳ ಇದೆ. ಕಿವಿತಮಟೆಯ ಎರಡೂ ಕಡೆ ಗಾಳಿಯ ಒತ್ತಡ ಸರಿದೂಗಿಸುವುದು ಅದರ ಕೆಲಸ. ಮುಂಬೈಯಿಂದ ಪುಣೆಗೆ ಹೋಗುವಾಗ ಖಂಡಾಲಾ ಘಾಟಿನಲ್ಲಿ ಕಿವಿ ಕಟ್ಟುತ್ತದಲ್ಲ? ಎಂಜಲು ನುಂಗಿದರೆ, ಆಕಳಿಸಿದರೆ ಆ ನಾಳ ತೆರೆದುಕೊಂಡು ಕಿವಿ ಬಿಡುತ್ತದೆ. ಮಕ್ಕಳಲ್ಲಿ ಈ ನಾಳ ಗಿಡ್ಡ ಮತ್ತು ಹೆಚ್ಚು ಅಡ್ಡಕ್ಕಿರುತ್ತದೆ. ಮೂಗಿನ ಸೋಂಕು ಅವರ ಕಿವಿಗೆ ಬೇಗ ಹತ್ತುತ್ತದೆ.

ಗಂಟಲು: ಎರಡು ದಾರಿ ಅಡ್ಡ ಹಾಯುವ ಜಾಗ

ಮೂಗು ಬಾಯಿಗಿಂತ ಮೇಲಿದೆ, ಹಿಂದಕ್ಕೆ ಹೋಗುತ್ತದೆ. ಆದರೆ ಕುತ್ತಿಗೆಯಲ್ಲಿ ಶ್ವಾಸನಾಳ ಮುಂದಿದೆ, ಅನ್ನನಾಳ ಅದರ ಬೆನ್ನಿಗಿದೆ. ಅಂದರೆ ಗಾಳಿಯ ದಾರಿ, ಊಟದ ದಾರಿ ಎಲ್ಲೋ ಒಂದು ಕಡೆ ಅಡ್ಡ ಹಾಯಲೇಬೇಕು. ಆ ಜಾಗವೇ ಗಂಟಲು. ಇದು ರೈಲ್ವೆ ಫಾಟಕದಂತೆ ನಡೆಯುತ್ತದೆ. ಉಸಿರಾಟ ರಸ್ತೆಯ ಗಾಡಿಗಳು, ತುತ್ತು ರೈಲು. ದಿನವಿಡೀ ರಸ್ತೆ ತೆರೆದಿರುತ್ತದೆ. ತುತ್ತು ಬಂದಾಗ ಮಾತ್ರ ಗೇಟು ಬೀಳುತ್ತದೆ, ತುತ್ತು ಹೋದ ಕೂಡಲೇ ಏಳುತ್ತದೆ.

ಗೇಟು ಬೀಳುವುದನ್ನು ಮುಟ್ಟಿ ನೋಡಬಹುದು. ಕುತ್ತಿಗೆಯ ಮುಂದೆ, ಗಂಡಸರಲ್ಲಿ ಎದ್ದು ಕಾಣುವ ಗಟ್ಟಿ ಉಬ್ಬಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ. ಉಬ್ಬು ಮೇಲಕ್ಕೇರಿ ಇಳಿಯಿತು. ಅದು ಧ್ವನಿಪೆಟ್ಟಿಗೆ. ನುಂಗುವಾಗ ಅದು ಮೇಲೇರಿ ನಾಲಗೆಯ ಬುಡದ ಕೆಳಗೆ ಸೇರುತ್ತದೆ. ಅದರ ಮೇಲಿನ ಮುಚ್ಚಳ ಹಿಂದಕ್ಕೆ ಬಾಗುತ್ತದೆ. ಒಳಗಿನ ಎರಡು ಧ್ವನಿ ಪದರಗಳು ಒತ್ತಿಕೊಳ್ಳುತ್ತವೆ. ಉಸಿರು ಒಂದು ಕ್ಷಣ ನಿಲ್ಲುತ್ತದೆ. ಊಟದ ನಡುವೆ ನಗುವುದು, ಮಾತಾಡುವುದು ಅಂದರೆ ಗೇಟು ಬೀಳಬೇಕಾದಾಗ ರಸ್ತೆ ತೆರೆದಿಡುವುದು. ನೆತ್ತಿಗೆ ಹತ್ತಿತು ಅನ್ನುತ್ತೇವಲ್ಲ, ಆಗ ಆಗುವುದು ಇದು. ತುತ್ತು ಹೊರಟದ್ದು ಶ್ವಾಸನಾಳದ ಕಡೆಗೆ.

ಆಪರೇಷನ್ ಆದವರಿಗೆ ಮೂಗಿನಿಂದ ಹೊಟ್ಟೆಯವರೆಗೆ ಹಾಕುವ ರೈಲ್ಸ್ ಟ್ಯೂಬು ಊಟವನ್ನು ಈ ಗೇಟಿನ ಗೊಡವೆಯಿಲ್ಲದೆ ಹೊಟ್ಟೆಗೆ ಸೇರಿಸುತ್ತದೆ. ಬಾಯಿಯ ಹೊಲಿಗೆ ಮಾಯುವವರೆಗೆ ಇದೇ ಊಟದ ದಾರಿ. ಟ್ರೇಕಿಯಾಸ್ಟಮಿ ಅಂದರೆ ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳಕ್ಕೆ ತೂತು ಮಾಡಿ ನಳಿಕೆ ಇಡುವುದು. ಬಾಯಿ, ಗಂಟಲು ಊದಿಕೊಂಡಿದ್ದರೂ ಉಸಿರಾಟ ನಡೆಯುತ್ತದೆ. ಆದರೆ ಗಾಳಿ ಧ್ವನಿ ಪದರಗಳನ್ನು ಮುಟ್ಟುವುದೇ ಇಲ್ಲ. ಮಾತು ಬರದಿದ್ದರೆ ಗಾಬರಿ ಬೇಡ. ಬಹಳ ಜನರಿಗೆ ಊತ ಇಳಿದ ಮೇಲೆ ನಳಿಕೆ ತೆಗೆಯುತ್ತಾರೆ, ಧ್ವನಿ ಮರಳುತ್ತದೆ.

ಕುತ್ತಿಗೆ: ಇಕ್ಕಟ್ಟಾದ ದಾರಿ

ಹಿಂಬದಿಯಲ್ಲಿ 7 ಮೂಳೆಗಳು. ಜಿರಾಫೆಗೂ ಏಳೇ. ಮೊದಲನೆಯದು ಬುರುಡೆಯನ್ನು ಹೊತ್ತಿದೆ, "ಹೌದು" ಅಂತ ತಲೆಯಾಡಿಸುವುದು ಮುಖ್ಯವಾಗಿ ಅಲ್ಲಿ. "ಇಲ್ಲ" ಅನ್ನುವುದು ಮೊದಲನೆಯದು ಎರಡನೆಯದರ ಮೇಲೆ ತಿರುಗುವುದರಿಂದ. ಇವುಗಳ ನಡುವಿನ ಕಾಲುವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಅಪಘಾತದಲ್ಲಿ ಬಿದ್ದವರ ಕುತ್ತಿಗೆ ಅಲುಗಿಸಬಾರದು ಅನ್ನುವುದಕ್ಕೆ ಇದು ಕಾರಣ.

ಈಗ ತಲೆಯನ್ನು ಎಡಕ್ಕೆ ತಿರುಗಿಸಿ. ಬಲಗಡೆ ಕಿವಿಯ ಹಿಂದಿನಿಂದ ಕೊರಳ ಗುಳಿಯವರೆಗೆ ಒಂದು ಸ್ನಾಯು ಉಬ್ಬುತ್ತದೆ. ಕುತ್ತಿಗೆಯ ನಕ್ಷೆಗೆ ಇದೇ ಗುರುತುಕಲ್ಲು. ಇದರ ಅಡಿಯಲ್ಲಿ ಮೂರು ದೊಡ್ಡ ಸಂಗತಿಗಳು ಒಟ್ಟಿಗೆ ಸಾಗುತ್ತವೆ: ಮೇಲೆ ರಕ್ತ ಒಯ್ಯುವ ಕೆರೋಟಿಡ್, ಕೆಳಗೆ ತರುವ ಜುಗುಲರ್, ಇವೆರಡರ ನಡುವೆ ಗಂಟಲು, ಹೃದಯ, ಹೊಟ್ಟೆಯವರೆಗೂ ಹೋಗುವ ವೇಗಸ್ ನರ. ಧ್ವನಿಪೆಟ್ಟಿಗೆಯ ಪಕ್ಕದಲ್ಲಿ ಬೆರಳಿಟ್ಟರೆ ಕೆರೋಟಿಡ್ ಮಿಡಿತ ಸಿಗುತ್ತದೆ. ಎರಡೂ ಕಡೆ ಒಟ್ಟಿಗೆ ಒತ್ತಬೇಡಿ, ತಲೆ ಸುತ್ತಬಹುದು. ಧ್ವನಿಪೆಟ್ಟಿಗೆಯ ಮೇಲಂಚಿನ ಎತ್ತರದಲ್ಲಿ ಕೆರೋಟಿಡ್ ಎರಡಾಗುತ್ತದೆ. ಒಂದು ಕುತ್ತಿಗೆಯಲ್ಲಿ ಯಾರಿಗೂ ಪಾಲು ಕೊಡದೆ ನೇರ ಮಿದುಳಿಗೆ, ಇನ್ನೊಂದು ಮುಖ, ಬಾಯಿ, ನೆತ್ತಿಗೆ.

ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ಮುಂದಿನಿಂದ ಅಪ್ಪಿಕೊಂಡು ಥೈರಾಯ್ಡ್ ಇದೆ. ಶ್ವಾಸನಾಳಕ್ಕೆ ಅಂಟಿಕೊಂಡಿರುವುದರಿಂದ ನುಂಗಿದಾಗ ಅದೂ ಏರುತ್ತದೆ. ಡಾಕ್ಟರು "ನೀರು ನುಂಗಿ" ಅಂತ ಹೇಳಿ ಗಡ್ಡೆಯನ್ನೇ ದಿಟ್ಟಿಸುವುದು ಅದು ಥೈರಾಯ್ಡಿನದೋ ಅಲ್ಲವೋ ಅಂತ ತಿಳಿಯಲು. ಇದರ ಬೆನ್ನಿಗೆ ಧ್ವನಿ ಪದರ ಆಡಿಸುವ ನರವಿದೆ. ಅದರ ದಾರಿ ವಿಚಿತ್ರ. ಎಡಗಡೆಯದು ವೇಗಸ್ ಜೊತೆ ಎದೆಗಿಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕೆಳಗೆ ತಿರುವು ತೆಗೆದುಕೊಂಡು, ಮತ್ತೆ ಕುತ್ತಿಗೆಗೆ ಹತ್ತುತ್ತದೆ. ಹೀಗಾಗಿ ಎದೆಯೊಳಗಿನ ಗಡ್ಡೆಯಿಂದಲೂ ಧ್ವನಿ ಒಡೆಯಬಹುದು. ಮೂರು ವಾರವಾದರೂ ಸರಿಹೋಗದ ಗೊಗ್ಗರು ಧ್ವನಿಗೆ ಎದೆಯ ಎಕ್ಸ್‌ರೇ ಬರೆದುಕೊಟ್ಟರೆ ಅಚ್ಚರಿ ಬೇಡ.

ಗಂಟುಗಳು: ಕೊನೆಗೂ ಉತ್ತರ

ರಕ್ತನಾಳಗಳಿಂದ ಸ್ವಲ್ಪ ದ್ರವ ಯಾವಾಗಲೂ ಹೊರಗೆ ಸೋರುತ್ತಿರುತ್ತದೆ. ಅದನ್ನು ಮತ್ತೆ ರಕ್ತಕ್ಕೆ ಸೇರಿಸಲು ಬೇರೆಯೇ ತೆಳು ನಾಳಗಳ ಜಾಲ ಇದೆ. ಈ ದ್ರವವೇ ಲಿಂಫ್. ದಾರಿಯುದ್ದಕ್ಕೂ ಲಿಂಫ್ ಗಂಟುಗಳು ಅದನ್ನು ಸೋಸುತ್ತವೆ. ಡಾಕ್ಟರು "ನೋಡ್" ಅನ್ನುವುದು ಈ ಗಂಟಿಗೇ. ಸೋಂಕಿನ ರೋಗಾಣು ಬಂದರೆ ಅಲ್ಲೇ ಹಿಡಿದು ಹೋರಾಡುತ್ತವೆ. ಆಗ ಊದುತ್ತವೆ. ಮೈಯಲ್ಲಿರುವ ಇಂಥ ನೂರಾರು ಗಂಟುಗಳಲ್ಲಿ ಸುಮಾರು 300 ಕುತ್ತಿಗೆಯಲ್ಲೇ ಇವೆ.

ತಲೆ, ಮುಖ, ಬಾಯಿ, ಗಂಟಲಿನ ಲಿಂಫ್ ಎಲ್ಲ ಕೆಳಗಿಳಿದು ಕೊರಳಬುಡದಲ್ಲಿ ರಕ್ತನಾಳ ಸೇರುತ್ತದೆ. ಬೇರೆ ದಾರಿ ಇಲ್ಲ, ಕುತ್ತಿಗೆಯ ಗಂಟುಗಳನ್ನು ಹಾಯಲೇಬೇಕು. ಬಾಯಿಯ ಕ್ಯಾನ್ಸರಿನ ಜೀವಕೋಶ ಒಂದು ಕಳಚಿ ಲಿಂಫ್ ನಾಳಕ್ಕೆ ಬಿದ್ದರೆ ಅದೂ ಇದೇ ದಾರಿ ಹಿಡಿದು ಮೊದಲ ಗಂಟಿನಲ್ಲಿ ಸಿಕ್ಕಿಕೊಂಡು ಅಲ್ಲೇ ಬೆಳೆಯುತ್ತದೆ. ಡಾಕ್ಟರು ಬಾಯಿ ನೋಡಿದ ಕೂಡಲೇ ಕುತ್ತಿಗೆ ಸವರಿ ನೋಡುವುದು ಅದಕ್ಕೆ. ಕುತ್ತಿಗೆ ಕೊಯ್ದು ಈ ಗಂಟುಗಳನ್ನು ತೆಗೆಯುವುದೂ ಅದಕ್ಕೇ, "ನೆಕ್ ಡಿಸೆಕ್ಷನ್" ಅಂದರೆ ಅದೇ.

ಎಲ್ಲಿಂದ ಹೊರಟದ್ದು ಎಲ್ಲಿ ಸಿಕ್ಕುತ್ತದೆ ಅನ್ನುವುದಕ್ಕೂ ಒಂದು ಕ್ರಮವಿದೆ. "ಲೆವೆಲ್" ಅನ್ನುವ ಮಾತು ಬಂದದ್ದು ಅದರಿಂದ. ಗದ್ದ ಮತ್ತು ದವಡೆಯ ಕೆಳಗಿನದು ಲೆವೆಲ್ 1. ಆ ಗುರುತುಕಲ್ಲು ಸ್ನಾಯುವಿನ ಅಡಿಯಲ್ಲಿ ಜುಗುಲರ್ ಉದ್ದಕ್ಕೂ ಮೇಲಿನಿಂದ ಕೆಳಗೆ 2, 3, 4. ಸ್ನಾಯುವಿನ ಹಿಂದಿನದು 5. ನಡುವೆ ಥೈರಾಯ್ಡಿನ ಸುತ್ತ 6. ಬಾಯಿಯದು ಸಾಮಾನ್ಯವಾಗಿ 1, 2, 3ಕ್ಕೆ ಹೋಗುತ್ತದೆ. ಥೈರಾಯ್ಡಿನದು 6ಕ್ಕೆ. ತಲೆಯಲ್ಲಿ ಹೇನು, ಕಜ್ಜಿಯಾದ ಮಕ್ಕಳಿಗೆ ಕುತ್ತಿಗೆಯ ಹಿಂದೆ ಗಂಟು ಬರುತ್ತದೆ. ಎಡಗಡೆ ಕೊರಳೆಲುಬಿನ ಮೇಲಿನ ಗಂಟು ಕೆಲವೊಮ್ಮೆ ಹೊಟ್ಟೆಯ ಕ್ಯಾನ್ಸರಿನದು, ಯಾಕೆಂದರೆ ಕೆಳಮೈಯ ಲಿಂಫ್ ತರುವ ದೊಡ್ಡ ನಾಳ ರಕ್ತಕ್ಕೆ ಸೇರುವುದು ಅಲ್ಲಿ.

"ಸ್ಕ್ಯಾನಿನಲ್ಲಿ ಗಂಟು ಇಲ್ಲ ಅಂದಿದ್ದಾರೆ, ಆದರೂ ತೆಗೀತಾರಂತೆ" ಅನ್ನುವುದು ಮುಂದಿನ ಪ್ರಶ್ನೆ. ಗಂಟು ಕೈಗೆ ಸಿಗದ, ಸ್ಕ್ಯಾನಿನಲ್ಲಿ ಕಾಣದ ಆರಂಭದ ಬಾಯಿ ಕ್ಯಾನ್ಸರಿನಲ್ಲೂ ಶೇಕಡಾ 20ರಿಂದ 30ರಷ್ಟು ಜನರ ಗಂಟುಗಳಲ್ಲಿ ಸೂಕ್ಷ್ಮದರ್ಶಕಕ್ಕಷ್ಟೇ ಕಾಣುವ ಕ್ಯಾನ್ಸರ್ ಇರುತ್ತದೆ. ಹಾಗಾದರೆ ಎಲ್ಲರಿಗೂ ಮೊದಲೇ ತೆಗೆಯಬೇಕೋ, ಗಂಟು ಕಾಣಿಸಿಕೊಂಡ ಮೇಲೆ ತೆಗೆದರೆ ಸಾಕೋ? ಜಗತ್ತಿನಾದ್ಯಂತ ದಶಕಗಳ ಕಾಲ ಡಾಕ್ಟರುಗಳಲ್ಲೇ ಒಮ್ಮತ ಇರಲಿಲ್ಲ. ಇದಕ್ಕೆ ಸ್ಪಷ್ಟ ಉತ್ತರ ಬಂದದ್ದು ಇದೇ ಪರೇಲಿನಿಂದ. ಆಗ ಟಾಟಾ ಮೆಮೋರಿಯಲ್‌ನಲ್ಲಿದ್ದ ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬಾಯಿಯ ಜೊತೆಗೇ ಗಂಟುಗಳನ್ನೂ ತೆಗೆದರು. ಇನ್ನೊಂದಕ್ಕೆ ಬಾಯಿ ಮಾತ್ರ, ಗಂಟು ಬಂದರೆ ಆಮೇಲೆ. 500 ಜನರ ಫಲಿತಾಂಶ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಮೂರು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ಬದುಕಿದ್ದವರು ಶೇಕಡಾ 80, ಎರಡನೆಯದರಲ್ಲಿ ಶೇಕಡಾ 67.5.

ಇಷ್ಟೆಂದ ಮಾತ್ರಕ್ಕೆ ಕುತ್ತಿಗೆಯ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಮಕ್ಕಳಲ್ಲಿ ಬಹುಪಾಲು ಗಂಟಲು, ಹಲ್ಲಿನ ಸೋಂಕಿನವು. ನಮ್ಮ ದೇಶದಲ್ಲಿ ಟಿ.ಬಿ. ಗಂಟೂ ಸಾಮಾನ್ಯ. ನೋವಿದ್ದು, ಮೆತ್ತಗಿದ್ದು, ಕೆಲವು ದಿನಗಳಲ್ಲಿ ಇಳಿದರೆ ಹೆಚ್ಚಾಗಿ ಸೋಂಕು. ನೋವಿಲ್ಲದೆ, ಗಟ್ಟಿಯಾಗಿ, ಮೂರು ವಾರ ದಾಟಿಯೂ ಉಳಿದರೆ ತೋರಿಸಲೇಬೇಕು. ಸೂಜಿ ಚುಚ್ಚಿ ಪರೀಕ್ಷೆ ಮಾಡಿದರೆ ರೋಗ ಹರಡುತ್ತದೆ ಅನ್ನುವ ಭಯ ಊರಲ್ಲಿ ಬಹಳ ಇದೆ. ಗಂಟಿನ ಪರೀಕ್ಷೆಗೆ ತೆಳು ಸೂಜಿಯೇ ಎಲ್ಲೆಡೆ ಬಳಸುವ ಮೊದಲ ಹೆಜ್ಜೆ. ಆ ಭಯದಿಂದ ತಿಂಗಳುಗಟ್ಟಲೆ ಕಾಯುವುದೇ ಅಪಾಯ.

ಆಪರೇಷನ್ ಆದಮೇಲೆ ಭುಜ ಯಾಕೆ ಜೋಲುತ್ತದೆ?

ಗಂಟು ತೆಗೆದವರಲ್ಲಿ ಕೆಲವರು ವಾರದ ಮೇಲೆ ಹೊಸ ದೂರು ತರುತ್ತಾರೆ. ಕೈ ಮೇಲೆತ್ತಲು ಆಗುತ್ತಿಲ್ಲ, ಅಂಗಿ ಹಾಕಲು, ತಲೆ ಬಾಚಲು ಕಷ್ಟ. ಬಾಯಿಗೂ ಭುಜಕ್ಕೂ ಏನು ಸಂಬಂಧ ಅಂತ ಕೇಳಿದರೆ, ಅದೂ ಕುತ್ತಿಗೆಯ ಇಕ್ಕಟ್ಟಿನದೇ. ಭುಜ ಎತ್ತುವ ಸ್ನಾಯುವಿಗೆ ಹೋಗುವ ನರ ಬುರುಡೆಯ ತಳದಿಂದ ಹೊರಟು ಲೆವೆಲ್ 2ರ ಗಂಟುಗಳ ನಡುವೆಯೇ ಹಾದು, ಲೆವೆಲ್ 5 ದಾಟಿ ಭುಜ ಸೇರುತ್ತದೆ. ಹಿಂದೆಲ್ಲ ಗಂಟುಗಳ ಜೊತೆ ಈ ನರ, ಜುಗುಲರ್, ಆ ದೊಡ್ಡ ಸ್ನಾಯು ಎಲ್ಲವನ್ನೂ ತೆಗೆಯುತ್ತಿದ್ದರು. ಈಗ ರೋಗ ಅಂಟಿಕೊಂಡಿಲ್ಲದಿದ್ದರೆ ಮೂರನ್ನೂ ಉಳಿಸುತ್ತಾರೆ. ಆದರೂ ಗಂಟುಗಳಿಂದ ಬಿಡಿಸುವಾಗ ನರ ಜಗ್ಗಿದರೆ ಕೆಲವು ತಿಂಗಳು ಮಂಕಾಗಿರುತ್ತದೆ.

ಅಷ್ಟರಲ್ಲಿ ಕೀಲು ಬಿಗಿದುಕೊಳ್ಳಬಾರದು. ಫಿಸಿಯೋಥೆರಪಿಯವರು ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಡುವುದು ಅದಕ್ಕೆ. ಬಾಯಿ ಬಿಗಿಯದಿರಲು ದವಡೆಗೂ ಬೇರೆ ವ್ಯಾಯಾಮ ಇದೆ. ಡಿಸ್ಚಾರ್ಜ್ ಆಗಿ ಊರಿಗೆ ರೈಲು ಹತ್ತುವ ಮುಂಚೆ ಇವೆರಡನ್ನೂ ಎಷ್ಟು ಸಲ, ಎಷ್ಟು ತಿಂಗಳು ಮಾಡಬೇಕು ಅಂತ ಡಾಕ್ಟರ ಹತ್ತಿರ ಕೇಳಿ, ಫೈಲಿನ ಮೇಲೆಯೇ ಕನ್ನಡದಲ್ಲಿ ಬರೆದುಕೊಡಿ.